ಕರುಳಿನ ಆಪರೇಷನ್: ಈಗಲೇ ಮಾಡಿಸೋದೋ, ಇನ್ನೂ ತಡೆಯೋದೋ?

ಪ್ರಶ್ನೆ: ನನಗೆ 36 ವರ್ಷ. ಯಾದಗಿರಿ ಜಿಲ್ಲೆಯವನು, ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಒಂಬತ್ತು ವರ್ಷದ ಹಿಂದೆ ಹೊಟ್ಟೆನೋವು, ಭೇದಿ, ಸಂಜೆ ಹೊತ್ತು ಜ್ವರ ಶುರುವಾಯಿತು. ಕರುಳಿನ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ಕಡಿಮೆ ಆಗಲಿಲ್ಲ. ಆಮೇಲೆ ಹೈದರಾಬಾದಿನಲ್ಲಿ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡೋದು) ಮಾಡಿ ಕ್ರೋನ್ಸ್ ಅನ್ನೋ ಕರುಳಿನ ರೋಗ ಅಂದರು. ಅಂದಿನಿಂದ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ದಿನಾ, ಸ್ಟೆರಾಯ್ಡ್ ಆಗಾಗ. ನಡುವೆ ಒಂದು ವರ್ಷ ಎಲ್ಲ ಬಿಟ್ಟು ಬೇರಿನ ಪುಡಿ ತಗೊಂಡೆ, ಸುಳ್ಳು ಹೇಳೋದಿಲ್ಲ. ದಿನಕ್ಕೆ ಆರೇಳು ಬೀಡಿಯೂ ಇದೆ. ಈ ಎಂಟು ತಿಂಗಳಲ್ಲಿ ಮೂರು ಸಲ ಹೊಟ್ಟೆ ಉಬ್ಬಿ, ವಾಂತಿಯಾಗಿ ಅಡ್ಮಿಟ್ ಆದೆ. ತೂಕ 62 ಕಿಲೋದಿಂದ 51ಕ್ಕೆ ಬಂದಿದೆ. ಎಂಆರ್‌ಐಯಲ್ಲಿ ಸಣ್ಣ ಕರುಳಿನ ಕೊನೆಯ ಭಾಗ 9 ಸೆಂಟಿಮೀಟರ್ ಉದ್ದಕ್ಕೆ ಕಿರಿದಾಗಿದೆ, ಅದರ ಹಿಂದಿನ ಕರುಳು 4 ಸೆಂಟಿಮೀಟರ್ ಅಗಲಕ್ಕೆ ಉಬ್ಬಿದೆ ಅಂತ ಬರೆದಿದ್ದಾರೆ. ಹಿಮೋಗ್ಲೋಬಿನ್ 9, ರಕ್ತದಲ್ಲಿರುವ ಪ್ರೋಟೀನ್ ಅಲ್ಬುಮಿನ್ 2.8. ಈಗ ಸ್ಟೆರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ 30 ಮಿಲಿಗ್ರಾಂ ನಡೆದಿದೆ. ಒಬ್ಬ ಡಾಕ್ಟರು ದುಬಾರಿ ಇಂಜೆಕ್ಷನ್ ಹಾಕಿ ನೋಡೋಣ ಅಂತಾರೆ, ಇನ್ನೊಬ್ಬರು ಆಪರೇಷನ್ ಮಾಡಿಸಿಬಿಡಿ ಅಂತಾರೆ. ನಮ್ಮ ಮಾವ, "ಹೊಟ್ಟಿ ಒಮ್ಮಿ ಬಿಚ್ಚಿದ್ರ ಒಳಗ ಗಾಳಿ ಹೊಕ್ಕತದ, ಆಮ್ಯಾಲ ಮತ್ತ ಮತ್ತ ಬಿಚ್ಚಬೇಕಾಗ್ತದ" ಅಂತಾರೆ. ಮಲ ಹೊರಗೆ ಬರಲು ಹೊಟ್ಟೆ ಮೇಲೆ ಚೀಲ ಕಟ್ಟುತ್ತಾರಂತೆ, ಅದನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಹೇಗೆ ನಿಲ್ಲಲಿ? ಆಪರೇಷನ್ ಆದರೂ ರೋಗ ಮತ್ತೆ ಬರುತ್ತದೆ ಅನ್ನೋದಾದರೆ ಯಾಕೆ ಮಾಡಿಸಬೇಕು?

ಉತ್ತರ: ನಮಸ್ಕಾರ್ರೀ. ಬೀಡಿ, ಬೇರಿನ ಪುಡಿ ಎರಡನ್ನೂ ಮುಚ್ಚಿಡದೆ ಬರೆದಿದ್ದೀರಿ. ಅದರಿಂದ ನನ್ನ ಕೆಲಸ ಅರ್ಧ ಹಗುರಾಯಿತು. ನಾನು ಕಲಬುರಗಿಯಲ್ಲಿ ಹೊಟ್ಟೆ-ಕರುಳಿನ ಸರ್ಜನ್. ಸರ್ಜನ್ ಬಾಯಿಂದ "ಕೊಯ್ಯೋಣ" ಅಂತಲೇ ಬರುತ್ತದೆ ಅನ್ನೋ ಅನುಮಾನ ಜನಕ್ಕೆ ಇರುತ್ತದೆ, ಅದು ತಪ್ಪೂ ಅಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಒಳಗಿರುವ ಭಯ ಒಂದೇ: ಒಂಬತ್ತು ವರ್ಷ ಮಾತ್ರೆ ನುಂಗಿ ಕೊನೆಗೆ ಕತ್ತರಿಗೆ ಬಂದು ನಿಂತೆ, ಅಂದರೆ ಸೋತೆ ಅಂತಲಾ? ಜೊತೆಗೆ, ಇಬ್ಬರು ಡಾಕ್ಟರಲ್ಲಿ ಯಾರೋ ಒಬ್ಬರು ದಾರಿ ತಪ್ಪಿಸುತ್ತಿದ್ದಾರೆ ಅನ್ನೋ ಸಂಶಯ. ಇಬ್ಬರೂ ತಪ್ಪಿಸುತ್ತಿಲ್ಲ. ಅವರಿಬ್ಬರ ನಡುವಿನ ಜಗಳ ನಿಮ್ಮ ಆ 9 ಸೆಂಟಿಮೀಟರ್ ಕರುಳಿನ ಬಗ್ಗೆ. ಅದು ಊತದಿಂದ ಕಿರಿದಾಗಿದೆಯೋ, ಕಲೆಗಟ್ಟಿ ಕಿರಿದಾಗಿದೆಯೋ?

ಕೈ ಸುಟ್ಟುಕೊಂಡವರನ್ನು ನೋಡಿರುತ್ತೀರಿ. ಮೊದಲು ಕೆಂಪಗೆ ಊದುತ್ತದೆ. ಆ ಊತ ಔಷಧಿಗೆ ಇಳಿಯುತ್ತದೆ. ಅದೇ ಜಾಗ ಮತ್ತೆ ಮತ್ತೆ ಸುಟ್ಟರೆ ಚರ್ಮ ಗಡುಸಾಗಿ, ಸುರುಟಿಕೊಂಡು, ಬೆರಳು ಮಡಚಲೂ ಬರದ ಹಾಗೆ ಆಗುತ್ತದೆ. ಕ್ರೋನ್ಸ್‌ನಲ್ಲಿ ಕರುಳಿನ ಗೋಡೆಗೆ ಆಗುವುದೂ ಹೆಚ್ಚುಕಡಿಮೆ ಇದೇ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ಕರುಳಿನ ಮೇಲೆ ಬೀಳುತ್ತದೆ. ಗಾಯ, ಮಾಯುವುದು, ಮತ್ತೆ ಗಾಯ. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇನ್ನಿಬ್ಬರು ವೈದ್ಯರು 1932ರಲ್ಲಿ ಈ ರೋಗದ ಬಗ್ಗೆ ಬರೆದಾಗ ವಿವರಿಸಿದ್ದೂ ನಿಮ್ಮದೇ ಜಾಗವನ್ನು, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕೊನೆಯ ತುದಿಯನ್ನು.

ರೈಲ್ವೆ ಗೇಟು ಹಾಕಿದಾಗ ಬಸ್ಸು-ಲಾರಿ ಹಿಂದಕ್ಕೆ ಸಾಲುಗಟ್ಟುತ್ತವಲ್ಲ, ನಿಮ್ಮ ಎಂಆರ್‌ಐಯಲ್ಲಿರುವ "4 ಸೆಂಟಿಮೀಟರ್ ಉಬ್ಬಿದೆ" ಅನ್ನೋ ಸಾಲಿನ ಅರ್ಥ ಅದೇ. ಸಣ್ಣ ಕರುಳು ಮಾಮೂಲಾಗಿ ಎರಡೂವರೆ ಸೆಂಟಿಮೀಟರ್ ಆಸುಪಾಸು ಇರುತ್ತದೆ. ಮೂರು ದಾಟಿ ಉಬ್ಬಿದೆ ಅಂದರೆ ಮುಂದಿನ ಗೇಟು ಬಹಳ ದಿನದಿಂದ ಅರೆಮುಚ್ಚಿದೆ, ಹಿಂದಿನ ಕರುಳು ತಳ್ಳಿ ತಳ್ಳಿ ಸುಸ್ತಾಗಿದೆ ಅಂತ ನಾವು ಓದುತ್ತೇವೆ. ಇದರ ಜೊತೆ ಎಂಟು ತಿಂಗಳಲ್ಲಿ ಮೂರು ಅಡ್ಮಿಷನ್, ಹನ್ನೊಂದು ಕಿಲೋ ಇಳಿಕೆ. ಬರೀ ಊತ ಆಗಿದ್ದರೆ 30 ಮಿಲಿಗ್ರಾಂ ಸ್ಟೆರಾಯ್ಡ್‌ಗೆ ಒಂದಿಷ್ಟಾದರೂ ಬಾಗಬೇಕಿತ್ತು. ಕಲೆಯ ಪಾಲು ಜಾಸ್ತಿ ಇದೆ ಅನಿಸುತ್ತದೆ. ಫಿಲ್ಮ್ ನಾನು ನೋಡಿಲ್ಲ, ಹಾಗಾಗಿ "ಅನಿಸುತ್ತದೆ" ಅಂತಲೇ ಬರೆಯುತ್ತೇನೆ.

ಮಾವನವರ ಮಾತಿಗೆ ಬರೋಣ. ಈ "ಗಾಳಿ ಹೊಗುವ" ಮಾತನ್ನು ನಮ್ಮ ಭಾಗದಲ್ಲಿ ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಗಾಳಿಯಿಂದ ಏನೂ ಆಗುವುದಿಲ್ಲ. ಸಣ್ಣ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ದುರ್ಬೀನಿನ ಆಪರೇಷನ್‌ನಲ್ಲಿ (ಲ್ಯಾಪರೋಸ್ಕೋಪಿ) ನಾವೇ ಹೊಟ್ಟೆಗೆ ಗ್ಯಾಸ್ ತುಂಬಿ ಕೆಲಸ ಮಾಡಿ ಆಮೇಲೆ ಬಿಟ್ಟುಬಿಡುತ್ತೇವೆ. ಆದರೆ ಹಿರಿಯರು ಕಂಡದ್ದು ಪೂರಾ ಸುಳ್ಳೂ ಅಲ್ಲ. ಹೊಟ್ಟೆ ತೆರೆದ ಮೇಲೆ ಕೆಲವರಲ್ಲಿ ಕರುಳುಗಳು ಒಂದಕ್ಕೊಂದು ಅಂಟಿಕೊಂಡು, ವರ್ಷಗಳ ನಂತರ ಮತ್ತೆ ಕಟ್ಟಿಕೊಳ್ಳುವುದುಂಟು. ದುರ್ಬೀನಿನಲ್ಲಿ ಮಾಡಿದರೆ ಅಂಟುವುದು ಕಡಿಮೆ. ಮಾವನವರಿಗೆ ಇಷ್ಟು ಬಿಡಿಸಿ ಹೇಳಿ. ಸುಮ್ನೆ "ನಿಮಗೇನೂ ಗೊತ್ತಿಲ್ಲ" ಅಂದರೆ ಆಪರೇಷನ್ ದಿನ ಅವರೇ ಸಹಿಗೆ ಅಡ್ಡ ನಿಲ್ಲುತ್ತಾರೆ.

ಖಾರ ತಿಂದಿದ್ದಕ್ಕೆ ಈ ರೋಗ ಬರಲಿಲ್ಲ. ಬಸ್ಸಿನ ಕುಲುಕಾಟಕ್ಕೂ ಬರಲಿಲ್ಲ. ಹೊತ್ತು ಹೊತ್ತಿಗೆ ಉಣ್ಣದೆ ಹೀಗಾಯಿತು ಅಂತ ಮನೆಯಲ್ಲಿ ಬೈಯುತ್ತಿದ್ದರೆ ಅದನ್ನೂ ಬಿಡಿ. ಬೀಡಿ ಮಾತ್ರ ಬೇರೆ. ಕ್ರೋನ್ಸ್ ಇದ್ದವರು ಹೊಗೆ ಎಳೆದರೆ ರೋಗ ಜೋರಾಗುತ್ತದೆ, ಆಪರೇಷನ್ ಆದ ಮೇಲೆ ಮರಳಿ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಆಗುತ್ತದೆ. ಇನ್ನೊಂದು ಶತ್ರು ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪಿನಲ್ಲಿದೆ. ಸೊಂಟ ನೋವು ಅಂತ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ತಗೊಳ್ಳುತ್ತೀರಾ? ದಿನವಿಡೀ ನಿಲ್ಲುವ ಕೆಲಸ, ಅದಕ್ಕೇ ಕೇಳಿದೆ. ಅವು ಕರುಳಿನ ಹುಣ್ಣನ್ನು ಕೆರಳಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಮೊದಲು ಟಿಬಿ ಮಾತ್ರೆ ಕೊಟ್ಟಿದ್ದನ್ನು ದೊಡ್ಡ ತಪ್ಪು ಅಂತ ಎಣಿಸಬೇಡಿ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಅಣ್ಣತಮ್ಮಂದಿರ ಹಾಗೆ. ಅದೇ ಜಾಗ, ಅದೇ ಹುಣ್ಣು, ಅದೇ ಜ್ವರ. ತುಣುಕು ತೆಗೆದು ಪರೀಕ್ಷಿಸಿದರೂ ಎಷ್ಟೋ ಸಲ ಪಕ್ಕಾ ಗೊತ್ತಾಗುವುದಿಲ್ಲ. ಟಿಬಿ ಇರುವವರಿಗೆ ಸ್ಟೆರಾಯ್ಡ್ ಕೊಟ್ಟರೆ ಅನಾಹುತ, ಅದಕ್ಕೇ ನಮ್ಮ ದೇಶದಲ್ಲಿ ಅನುಮಾನ ಇದ್ದಾಗ ಮೊದಲು ಟಿಬಿ ಔಷಧಿ ಕೊಟ್ಟು ನೋಡುತ್ತಾರೆ. ನನಗೆ ಬೇಸರ ತರುವುದು ಬೇರೆ. ಎರಡು-ಮೂರು ತಿಂಗಳಿಗೆ ಮತ್ತೆ ಸ್ಕೋಪ್ ಹಾಕಿ ಹುಣ್ಣು ಮಾಯುತ್ತಿದೆಯಾ ಅಂತ ನೋಡದೆ ಮಾತ್ರೆ ಎಳೆಯುತ್ತಾ ಹೋಗುವುದು. ಆ ತಿಂಗಳುಗಳಲ್ಲೇ ಕಲೆ ಗಟ್ಟಿಯಾಗುತ್ತದೆ.

ಈಗ ದಾರಿಗಳು. ಮೊದಲನೆಯದು ಆ ದುಬಾರಿ ಇಂಜೆಕ್ಷನ್. ಇನ್‌ಫ್ಲಿಕ್ಸಿಮ್ಯಾಬ್ ಆದರೆ ಡ್ರಿಪ್‌ನಲ್ಲಿ: ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ. ಅಡಲಿಮ್ಯುಮ್ಯಾಬ್ ಆದರೆ ಚರ್ಮದ ಕೆಳಗೆ, ಎರಡು ವಾರಕ್ಕೊಮ್ಮೆ. ಈಗ ಭಾರತದಲ್ಲೇ ತಯಾರಾಗುವುದರಿಂದ ಬೆಲೆ ಮೊದಲಿನಷ್ಟಿಲ್ಲ, ಆದರೂ ಕಂಡಕ್ಟರ್ ಸಂಬಳಕ್ಕೆ ಭಾರವೇ. ಊತದ ಪಾಲು ಜಾಸ್ತಿ ಇರುವ ಕಿರಿದಾದ ಕರುಳು ಇದರಿಂದ ಸಡಿಲವಾಗಿ, ಆಪರೇಷನ್ ತಪ್ಪಿದವರು ನಿಜವಾಗಿಯೂ ಇದ್ದಾರೆ. ಹಾಗಾಗಿ ಇಂಜೆಕ್ಷನ್ ಹೇಳಿದ ಡಾಕ್ಟರು ಗಾಳಿಗುದ್ದು ಹೊಡೆಯುತ್ತಿಲ್ಲ. ಆದರೆ ಕಲೆಯನ್ನು ಕರಗಿಸುವ ಔಷಧಿ ಇನ್ನೂ ಯಾರ ಹತ್ತಿರವೂ ಇಲ್ಲ. ಇನ್ನೊಂದು ಅಪಾಯ, ಒಳಗೆ ಮಲಗಿರುವ ಟಿಬಿ ಈ ಇಂಜೆಕ್ಷನ್‌ನಿಂದ ಎದ್ದು ಕೂರಬಹುದು. ಎದೆಯ ಎಕ್ಸ್‌ರೇ ಮತ್ತು ಟಿಬಿಯ ರಕ್ತ ಪರೀಕ್ಷೆ ಅಥವಾ ಮಾಂಟೂ ಅನ್ನೋ ಚರ್ಮದ ಪರೀಕ್ಷೆ ಇಲ್ಲದೆ ಶುರು ಮಾಡಿಸಬೇಡಿ. ಒಳಗೆ ಕೀವಿನ ಗಂಟು ಇದ್ದರೂ ಕೊಡಬಾರದು, ಮೊದಲು ಕೀವು ಹೊರಗೆ ಬರಬೇಕು.

ಎರಡನೆಯದು ಬಲೂನು. ಕೊಲೊನೋಸ್ಕೋಪಿನ ತುದಿಯಿಂದ ಬಲೂನು ತೂರಿಸಿ ಕಿರಿದಾದ ಜಾಗವನ್ನು ಹಿಗ್ಗಿಸುವುದು. ಚೆನ್ನಾದ ವಿಧಾನ, ಆದರೆ ಕಿರಿದಾದ ಭಾಗ ಐದು ಸೆಂಟಿಮೀಟರ್ ಒಳಗೆ ಇರಬೇಕು, ನೇರವಾಗಿರಬೇಕು. ನಿಮ್ಮದು 9. ಹಿಗ್ಗಿಸಲು ಹೋದರೆ ಹರಿಯುವ ಭಯ. ಇದನ್ನು ಬಿಡೋಣ.

ಮೂರನೆಯದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ. ಕರುಳನ್ನು ಕತ್ತರಿಸಿ ಬಿಸಾಡದೆ, ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುವುದು. ತೋಳು ಬಿಗಿಯಾದ ಅಂಗಿಯನ್ನು ದರ್ಜಿ ಬಿಚ್ಚಿ ಅಗಲ ಮಾಡಿ ಕೊಡುವುದಿಲ್ಲವೇ, ಹಾಗೆ. ಕರುಳಿನ ಟಿಬಿಯಿಂದ ಕಿರಿದಾದ ಕರುಳಿಗೆ ಹೀಗೆ ಮಾಡಿ 1977ರಲ್ಲಿ ಬರೆದವರು ನಮ್ಮ ಭಾರತದ ಸರ್ಜನ್‌ಗಳು. ಅದನ್ನು ನೋಡಿ ಕ್ರೋನ್ಸ್‌ಗೂ ಮಾಡಬಹುದು ಅಂತ 1982ರಲ್ಲಿ ತೋರಿಸಿದವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು. ಐದಾರು ಕಡೆ ಕಿರಿದಾದವರಿಗೆ, ಮೊದಲೇ ಒಂದೆರಡು ಸಲ ಕರುಳು ಕಳಕೊಂಡವರಿಗೆ ಇದು ವರದಾನ. ನಿಮ್ಮ ಹಾಗೆ ಕೊನೆಯ ತುದಿಯಲ್ಲಿ ಒಂದೇ ಕಡೆ ಇದ್ದು, ಇದೇ ಮೊದಲ ಆಪರೇಷನ್ ಆದರೆ ಸಾಮಾನ್ಯವಾಗಿ ಆ ತುಂಡನ್ನು ತೆಗೆಯುವುದೇ ಸಲೀಸು.

ಅದೇ ನಾಲ್ಕನೆಯದು. ಕೆಟ್ಟ ತುದಿಯನ್ನೂ ದೊಡ್ಡ ಕರುಳಿನ ಮೊದಲ ಚೂರನ್ನೂ ತೆಗೆದು ಎರಡು ತುದಿ ಜೋಡಿಸುವುದು. ಅಪೆಂಡಿಕ್ಸ್ ಕೂಡ ಜೊತೆಗೇ ಹೋಗುತ್ತದೆ. ಒಟ್ಟು 20ರಿಂದ 30 ಸೆಂಟಿಮೀಟರ್ ಹೋಗಬಹುದು. ಸಣ್ಣ ಕರುಳು ಇರುವುದು ಸುಮಾರು ಆರು ಮೀಟರ್. "ಕರುಳೇ ತೆಗೀತಾರೆ" ಅಂತ ಓಣಿಯಲ್ಲಿ ಮಾತಾಡುವವರಿಗೆ ಈ ಲೆಕ್ಕ ಹೇಳಿ. ಹಿಂದೆ ಸರ್ಜನ್‌ಗಳು ರೋಗ ಮತ್ತೆ ಬಾರದಿರಲಿ ಅಂತ ಚೆನ್ನಾಗಿರುವ ಕರುಳನ್ನೂ ಗೇಣುಗಟ್ಟಲೆ ಕತ್ತರಿಸುತ್ತಿದ್ದರು. 1996ರಲ್ಲಿ ಅಮೆರಿಕದಲ್ಲಿ ಎರಡು ಗುಂಪು ಮಾಡಿ ಹೋಲಿಸಿ ನೋಡಿದರು. ಎರಡು ಸೆಂಟಿಮೀಟರ್ ಅಂಚು ಬಿಟ್ಟರೂ ಅಷ್ಟೇ, ಹನ್ನೆರಡು ಬಿಟ್ಟರೂ ಅಷ್ಟೇ. ಅಂದಿನಿಂದ ಎಲ್ಲರ ಕತ್ತರಿ ಜಿಪುಣವಾಗಿದೆ.

ಆ ತುಂಡನ್ನು ಟ್ರೇ ಮೇಲೆ ಬಿಚ್ಚಿ ನೋಡುವುದು ನನ್ನ ಅಭ್ಯಾಸ. ಒಮ್ಮೆ ಆಳಂದ ಕಡೆಯ ಒಬ್ಬರದನ್ನು ಬಿಚ್ಚಿದೆ. ಹಳದಿ ಕೊಬ್ಬು ಕರುಳಿನ ಸುತ್ತ ಬೆರಳು ಚಾಚಿದ ಹಾಗೆ ಹಬ್ಬಿತ್ತು. ಗೋಡೆ ಸೈಕಲ್ ಟೈರಿನಷ್ಟು ಗಡುಸು. ಒಳದಾರಿಯಲ್ಲಿ ಪೆನ್ನಿನ ರೀಫಿಲ್ ಕಷ್ಟಪಟ್ಟು ಹೋಗುತ್ತಿತ್ತು. ಅದರ ಹಿಂದೆ ಒಂದು ಹುಣಸೆ ಬೀಜ ಕೂತಿತ್ತು, ನುಣ್ಣಗೆ ಹೊಳೆಯುತ್ತಾ. ಅದು ಯಾವ ಸಂಕ್ರಾಂತಿಯದೋ. ಹೊರಗೆ ಅವರ ತಮ್ಮನಿಗೆ ಅದನ್ನು ತೋರಿಸಿದಾಗ ಆತ ಹೇಳಿದ್ದು ಇಷ್ಟೇ: "ಇಷ್ಟರಾಗ ಅಣ್ಣ ಹ್ಯಾಂಗ ಉಂಡಾನ್ರೀ?" ಇಂಥ ಕರುಳಿಗೆ ಯಾವ ಇಂಜೆಕ್ಷನ್ ಏನು ಮಾಡೀತು?

ತೆಗೆದ ತುಂಡು ಪೂರಾ ಲ್ಯಾಬಿಗೆ ಹೋಗುತ್ತದೆ. ಟಿಬಿಯೋ ಕ್ರೋನ್ಸೋ ಅನ್ನೋ ಒಂಬತ್ತು ವರ್ಷದ ಗುಮಾನಿ ಅಲ್ಲಿ ಬಹುಮಟ್ಟಿಗೆ ತೀರುತ್ತದೆ. ಬಹಳ ವರ್ಷದಿಂದ ಕಿರಿದಾದ ಜಾಗದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುವುದುಂಟು, ಅದೂ ಅಲ್ಲೇ ಗೊತ್ತಾಗುತ್ತದೆ.

ಐದನೆಯ ದಾರಿ ನೀವು ಕೇಳಿಲ್ಲ, ಆದರೆ ಎಲ್ಲರೂ ಹಿಡಿಯುವುದು ಅದನ್ನೇ. ಸುಮ್ಮನೆ ಮುಂದೂಡುವುದು. ಮದುವೆ ಮುಗೀಲಿ, ಬಿತ್ತನೆ ಮುಗೀಲಿ, ಮಕ್ಕಳ ಪರೀಕ್ಷೆ ಮುಗೀಲಿ. ಇದರ ಬಗ್ಗೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಸೇಡಂ ಕಡೆಯ ಒಬ್ಬ ಹುಡುಗ, ಹೆಚ್ಚುಕಡಿಮೆ ನಿಮ್ಮದೇ ಎಂಆರ್‌ಐ. ತಂಗಿ ಮದುವೆ ಇದೆ, ಮೂರು ತಿಂಗಳು ಟೈಮ್ ಕೊಡಿ ಸರ್ ಅಂದ. ನಾನು ಹೂಂ ಅಂದೆ. ಆ ಮೂರು ತಿಂಗಳಲ್ಲಿ ಆತನಿಗೆ ಏನು ತಿನ್ನಿಸಬೇಕು, ಸ್ಟೆರಾಯ್ಡ್ ಹೇಗೆ ಇಳಿಸಬೇಕು ಅಂತ ನಾನು ಹೇಳಲಿಲ್ಲ, ಸ್ಟೆರಾಯ್ಡ್ ಬರೆದು ಕಳಿಸಿದೆ. ಹತ್ತನೇ ವಾರ ರಾತ್ರಿ ಎರಡು ಗಂಟೆಗೆ ಬಂದ. ಉಬ್ಬಿದ ಕರುಳು ತೂತಾಗಿ ಹೊಟ್ಟೆ ತುಂಬಾ ಕೀವು. ಮದುವೆ ಊಟ ಆಗಿ ನಾಲ್ಕು ದಿನ ಆಗಿತ್ತು. ಆವತ್ತು ಕರುಳು ಜೋಡಿಸುವ ಧೈರ್ಯ ಯಾವ ಸರ್ಜನ್‌ಗೂ ಬರುವುದಿಲ್ಲ. ಚೀಲ ಇಟ್ಟೆವು. ಮೂರು ವಾರ ಐಸಿಯು, ಐದು ತಿಂಗಳು ಚೀಲ, ಆಮೇಲೆ ಇನ್ನೊಂದು ಆಪರೇಷನ್. ಈಗ ಚೆನ್ನಾಗಿದ್ದಾನೆ, ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆದರೆ ಆ "ಹೂಂ" ನನಗೆ ಈಗಲೂ ಚುಚ್ಚುತ್ತದೆ.

ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಶ್ನೆಯನ್ನು ನೀವು "ಆಪರೇಷನ್ ಬೇಕಾ ಬೇಡವಾ" ಅಂತ ಕೇಳಿದ್ದೀರಿ. ನಾನು ಅದನ್ನು "ಯಾವ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗುತ್ತೀರಿ" ಅಂತ ಓದುತ್ತೇನೆ. ಹೊಲಿಗೆ ಬಿಟ್ಟು ಹೊಟ್ಟೆಯಲ್ಲಿ ಕೀವಾಗುವುದು ಈ ಆಪರೇಷನ್ನಿನ ದೊಡ್ಡ ಭಯ. 2000ದಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಅಧ್ಯಯನ ನಾಲ್ಕು ವಿಷಯ ನೋಡಿತು: ಅಲ್ಬುಮಿನ್ 3ಕ್ಕಿಂತ ಕಡಿಮೆ, ಸ್ಟೆರಾಯ್ಡ್ ನಡೆದಿರುವುದು, ಒಳಗೆ ಕೀವಿನ ಗಂಟು, ಕರುಳಿನಿಂದ ಬೇರೆ ಕಡೆಗೆ ತೂತು. ಈ ನಾಲ್ಕರಲ್ಲಿ ಒಂದೂ ಇಲ್ಲದವರಲ್ಲಿ ನೂರಕ್ಕೆ 5 ಜನರಿಗೆ ಒಳಗೆ ಕೀವಿನ ತೊಂದರೆ ಆಯಿತು. ನಾಲ್ಕೂ ಇದ್ದವರಲ್ಲಿ ನೂರಕ್ಕೆ 50. ನಿಮ್ಮ ಹತ್ತಿರ ಇವತ್ತು ಎರಡು ಇವೆ, ಅಲ್ಬುಮಿನ್ ಮತ್ತು ಸ್ಟೆರಾಯ್ಡ್. ಎರಡನ್ನೂ ಐದಾರು ವಾರದಲ್ಲಿ ಸರಿಪಡಿಸಬಹುದು. ಅದಕ್ಕೇ ನಾಳೆಯೇ ಆಪರೇಷನ್ ಅಂದರೂ ನನಗೆ ಒಪ್ಪಿಗೆ ಇಲ್ಲ, ಮುಂದಿನ ವರ್ಷ ಅಂದರೂ ಇಲ್ಲ.

ಆ ಐದಾರು ವಾರ ಏನು ಮಾಡಬೇಕು? ಮೊದಲು ಹೊಟ್ಟೆಗೆ. ದಾರಿ ಕಿರಿದಾಗಿರುವಾಗ ನಾರು, ಸಿಪ್ಪೆ, ಬೀಜ ಯಾವುದೂ ಬೇಡ. ಅಂದರೆ ಖಡಕ್ ರೊಟ್ಟಿ, ಹುರಿದ ಶೇಂಗಾ, ಸೀತನಿ, ಪುಂಡಿಪಲ್ಯ, ಹಸಿ ಸೌತೆ-ಮೂಲಂಗಿ, ಪೇರಲಹಣ್ಣು ಸದ್ಯಕ್ಕೆ ದೂರ. ಕಲಬುರಗಿ ಕಡೆಯವನಿಗೆ ರೊಟ್ಟಿ-ಪಲ್ಯ ಬಿಡು ಅಂದರೆ ಉಪವಾಸ ಇರು ಅಂದ ಹಾಗೇ, ನನಗೂ ಗೊತ್ತು. ಮೆತ್ತಗಿನ ಅನ್ನ, ಸೋಸಿದ ತೊಗರಿ ಬೇಳೆ ಕಟ್ಟು, ಮೊಸರು, ಬೇಯಿಸಿದ ಮೊಟ್ಟೆ, ಹಿಸುಕಿದ ಆಲೂ, ಮಾಗಿದ ಬಾಳೆಹಣ್ಣು. ಮಾಂಸ ತಿನ್ನುವವರಾದರೆ ಚೆನ್ನಾಗಿ ಬೆಂದ ಕೋಳಿ, ಮೀನು. ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪ ಸ್ವಲ್ಪ. ನಿಮ್ಮ ತೂಕಕ್ಕೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಊಟದಿಂದಲೇ ಅಷ್ಟು ತುಂಬುವುದು ಕಷ್ಟ, ಅದಕ್ಕೆ ಆಸ್ಪತ್ರೆಯ ಆಹಾರತಜ್ಞರಿಂದ ಕುಡಿಯುವ ಪೌಷ್ಟಿಕ ಪುಡಿ ಬರೆಸಿಕೊಳ್ಳಿ. ಕೆಲವರಿಗೆ ಆರು ವಾರ ಬರೀ ಅದನ್ನೇ ಕುಡಿಸುತ್ತೇವೆ. ಊತವೂ ಇಳಿಯುತ್ತದೆ, ಅಲ್ಬುಮಿನ್ನೂ ಏರುತ್ತದೆ. ನಾಲಿಗೆಗೆ ಮಾತ್ರ ಬೇಸರ.

ಸ್ಟೆರಾಯ್ಡ್ ಅನ್ನು 20 ಮಿಲಿಗ್ರಾಂಗಿಂತ ಕೆಳಗೆ ತರಬೇಕು, ಆದಷ್ಟು ಇನ್ನೂ ಕೆಳಗೆ. ಇಳಿಸುವುದು ಡಾಕ್ಟರು ಹೇಳಿದ ಲೆಕ್ಕದಲ್ಲಿ. ಇದನ್ನು ಓದಿ ನಾಳೆ ಬೆಳಿಗ್ಗೆ ಮಾತ್ರೆ ನಿಲ್ಲಿಸಬೇಡಿ, ಬಿಪಿ ಬಿದ್ದು ಜೀವಕ್ಕೇ ಬರಬಹುದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆಗಿಂತ ಡ್ರಿಪ್ ಒಳ್ಳೆಯದು, ಮಾತ್ರೆ ಊದಿದ ಕರುಳಿಗೆ ಹಿಡಿಸುವುದಿಲ್ಲ. ಬೀಡಿ ಇವತ್ತೇ ಬಿಡಿ. ಗುಟ್ಕಾ ಶುರು ಮಾಡಿ ಬೀಡಿ ಬಿಟ್ಟೆ ಅನ್ನಬೇಡಿ, ಅಂಥವರನ್ನೂ ನೋಡಿದ್ದೇನೆ.

ಚೀಲದ ಮಾತು. ಹೀಗೆ ತಯಾರಾಗಿ ಬಂದವರಲ್ಲಿ ಹೆಚ್ಚಿನವರಿಗೆ ಚೀಲ ಬೇಕಾಗುವುದೇ ಇಲ್ಲ. ನೇರವಾಗಿ ಜೋಡಿಸಿಬಿಡುತ್ತೇವೆ. ತೆರೆದ ಮೇಲೆ ಒಳಗೆ ಕೀವು ಸಿಕ್ಕರೆ, ಅಥವಾ ಅಲ್ಬುಮಿನ್ ಏರದೇ ಇದ್ದರೆ, ಆಗ ತಾತ್ಕಾಲಿಕವಾಗಿ ಇಡುತ್ತೇವೆ. ಸಾಮಾನ್ಯವಾಗಿ ಎರಡು-ಮೂರು ತಿಂಗಳು, ಆಮೇಲೆ ಮುಚ್ಚುತ್ತೇವೆ. ಆದರೂ "ಚೀಲ ಇಡೋದೇ ಇಲ್ಲ" ಅಂತ ಮೊದಲೇ ಮಾತು ಕೊಡುವ ಸರ್ಜನ್‌ನನ್ನು ನಂಬಬೇಡಿ. ಅಂಗಿಯ ಕೆಳಗೆ ಅದು ಕಾಣುವುದಿಲ್ಲ, ಸರಿಯಾಗಿ ಅಂಟಿಸಿದರೆ ವಾಸನೆಯೂ ಇಲ್ಲ. ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ನಿಮ್ಮ ಕೆಲಸದಲ್ಲಿ ಒಂದು ತೊಡಕು ಇದೆ. ಟಿಕೆಟ್ ಮಷೀನಿನ ಪಟ್ಟಿ, ಕಾಸಿನ ಚೀಲ ಎರಡೂ ಹೊಟ್ಟೆಯ ಅದೇ ಜಾಗಕ್ಕೆ ಉಜ್ಜುತ್ತವೆ. ಆಪರೇಷನ್ ಹಿಂದಿನ ದಿನ ಆ ಬ್ಯಾಗು, ಬೆಲ್ಟು ಹಾಕಿಕೊಂಡು ಬನ್ನಿ. ನಿಂತು, ಕೂತು, ಬಗ್ಗಿ ತೋರಿಸಿ. ಎಲ್ಲಿ ಉಜ್ಜುವುದಿಲ್ಲವೋ ಅಲ್ಲಿ ಮಾರ್ಕರಿನಿಂದ ಗುರುತು ಹಾಕಿಸಿಕೊಳ್ಳಿ. ಎಷ್ಟೋ ಕಡೆ ಈ ಗುರುತು ಹಾಕುವ ಐದು ನಿಮಿಷದ ಕೆಲಸವನ್ನೇ ಮರೆಯುತ್ತಾರೆ. ಇನ್ನೊಂದು ಎಚ್ಚರಿಕೆ ನಮ್ಮ ಬಿಸಿಲಿಗೆ. ಚೀಲ ಇದ್ದಾಗ ನೀರು, ಉಪ್ಪು ಎರಡೂ ಸೋರಿ ಹೋಗುತ್ತವೆ. ಮೇ ತಿಂಗಳ ಕಲಬುರಗಿಯಲ್ಲಿ ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಜೇಬಿನಲ್ಲೇ ಇರಬೇಕು.

ಆಪರೇಷನ್ ಆದವರು ಸಾಮಾನ್ಯವಾಗಿ ಐದರಿಂದ ಏಳು ದಿನಕ್ಕೆ ಮನೆಗೆ ಹೋಗುತ್ತಾರೆ. ಮರುದಿನವೇ ಎಬ್ಬಿಸಿ ನಡೆಸುತ್ತೇವೆ, ಬೈಯಬೇಡಿ. ಈ ರೋಗದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಜಾಸ್ತಿ, ಅದಕ್ಕೆ ನಡಿಗೆ ಮತ್ತು ಹೊಟ್ಟೆಯ ಚರ್ಮಕ್ಕೆ ಸಣ್ಣ ಇಂಜೆಕ್ಷನ್. ಡ್ಯೂಟಿಗೆ ಆರು ವಾರ ರಜೆ ಹಾಕಿ. ಮೊದಲು ಡಿಪೋದಲ್ಲಿ ಕೂತು ಮಾಡುವ ಕೆಲಸ ಕೇಳಿ ನೋಡಿ, ಸರ್ಟಿಫಿಕೇಟ್ ಕೊಡುತ್ತೇವೆ. ಸ್ಪೀಡ್ ಬ್ರೇಕರಿಗೆ ಒಳಗಿನ ಹೊಲಿಗೆ ಬಿಚ್ಚುವುದಿಲ್ಲ. ನೀವು ಕೇಳಿಲ್ಲ, ಆದರೆ ಹೆಂಡತಿ ಹೊರಗೆ ಹೋದ ಮೇಲೆ ಗಂಡಸರೆಲ್ಲ ಬಾಗಿಲ ಹತ್ತಿರ ನಿಂತು ಕೇಳುವ ಒಂದು ಪ್ರಶ್ನೆ ಇದೆ: ಸಂಸಾರಕ್ಕೆ ಏನೂ ತೊಂದರೆ ಇಲ್ವಾ ಸರ್? ಇಲ್ಲ. ಆ ನರಗಳು ಕೆಳಗೆ, ಗುದನಾಳದ ಹತ್ತಿರ ಇವೆ. ನಾವು ಕೆಲಸ ಮಾಡುವುದು ಹೊಟ್ಟೆಯ ಬಲಗಡೆ.

ಕೆಲವು ಬದಲಾವಣೆ ಉಳಿಯುತ್ತವೆ. ಮೊದಲ ತಿಂಗಳುಗಳಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ನೀರಾಗಿ ಹೋಗಬಹುದು. ಪಿತ್ತರಸವನ್ನು ವಾಪಸ್ ಹೀರುವ ಕೆಲಸ ಆ ತುದಿಯದ್ದು, ಅದು ಇಲ್ಲವಾದಾಗ ಪಿತ್ತ ದೊಡ್ಡ ಕರುಳಿಗೆ ಇಳಿದು ಭೇದಿ ಮಾಡಿಸುತ್ತದೆ. ಅದಕ್ಕೆ ಪುಡಿಯ ಔಷಧಿ ಇದೆ. ರೋಗ ಮರಳಿ ಬಂತು ಅಂತ ಗಾಬರಿಯಾಗಿ ಸ್ಟೆರಾಯ್ಡ್ ನುಂಗುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಬಿ12 ಹೀರುವುದೂ ಅಲ್ಲೇ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಇಂಜೆಕ್ಷನ್. ಮೂತ್ರಪಿಂಡದ ಕಲ್ಲು, ಪಿತ್ತಕೋಶದ ಕಲ್ಲು ಎರಡೂ ಸ್ವಲ್ಪ ಜಾಸ್ತಿ ಆಗುತ್ತವೆ. ಬಸ್ಸಿನಲ್ಲಿ ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆ ಅಂತ ನೀರು ಕುಡಿಯದೇ ಇರುವ ಅಭ್ಯಾಸ ಇದ್ದರೆ ಬಿಡಬೇಕು.

"ಮತ್ತೆ ಬರುತ್ತದೆ ಅಂದ ಮೇಲೆ ಯಾಕೆ?" ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಇದು. ಹೌದು, ಬರಬಹುದು. ಆಪರೇಷನ್ ಕ್ರೋನ್ಸ್ ಅನ್ನು ವಾಸಿ ಮಾಡುವುದಿಲ್ಲ, ಕಟ್ಟಿದ ದಾರಿ ಬಿಡಿಸುತ್ತದೆ ಅಷ್ಟೇ. ಏನೂ ಔಷಧಿ ಇಲ್ಲದೆ ಬಿಟ್ಟರೆ, ಜೋಡಿಸಿದ ಜಾಗದ ಹತ್ತಿರ ವರ್ಷದೊಳಗೆ ಬಹಳ ಜನರಲ್ಲಿ ಸಣ್ಣ ಹುಣ್ಣು ಮತ್ತೆ ಕಾಣುತ್ತವೆ, ನೋವು ಇಲ್ಲದಿದ್ದರೂ. ಹಳೆಯ ಲೆಕ್ಕದ ಪ್ರಕಾರ ಹತ್ತು ವರ್ಷದಲ್ಲಿ ಮೂವರಲ್ಲಿ ಒಬ್ಬರಿಗೆ ಎರಡನೇ ಆಪರೇಷನ್ ಬೇಕಾಗುತ್ತಿತ್ತು. ತಿರುಗಿಸಿ ನೋಡಿದರೆ ಮೂವರಲ್ಲಿ ಇಬ್ಬರಿಗೆ ಬೇಕಾಗಲಿಲ್ಲ. ಅದೂ ಇಂದಿನ ಔಷಧಿಗಳು ಎಲ್ಲರಿಗೂ ಸಿಗದಿದ್ದ ಕಾಲದ್ದು. ಈಗ ಆಪರೇಷನ್ ಆಗಿ ಆರು ತಿಂಗಳಿಗೆ, ಚೆನ್ನಾಗಿದ್ದರೂ, ಕೊಲೊನೋಸ್ಕೋಪಿ ಹಾಕಿ ಜೋಡಣೆ ನೋಡುತ್ತೇವೆ. ಹುಣ್ಣು ಕಂಡರೆ ಔಷಧಿ ಏರಿಸುತ್ತೇವೆ. ನಿಮ್ಮ ಮೊದಲ ಡಾಕ್ಟರು ಹೇಳಿದ ಇಂಜೆಕ್ಷನ್‌ಗೆ ನನ್ನ ಪ್ರಕಾರ ಸರಿಯಾದ ಜಾಗ ಅದು. ಗಡುಸಾದ ಕಲೆಯ ಮೇಲೆ ದುಡ್ಡು ಸುರಿಯುವ ಬದಲು ಹೊಸ ಕರುಳನ್ನು ಕಾಯಲು ಖರ್ಚು ಮಾಡಿ.

ನೆದರ್‌ಲೆಂಡ್ಸ್ ಮತ್ತು ಬ್ರಿಟನ್ನಿನಲ್ಲಿ 143 ಜನರ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಬಂತು. ಕೆಲವರಿಗೆ ಇನ್‌ಫ್ಲಿಕ್ಸಿಮ್ಯಾಬ್, ಕೆಲವರಿಗೆ ನೇರ ದುರ್ಬೀನಿನ ಆಪರೇಷನ್. ಒಂದು ವರ್ಷಕ್ಕೆ ಇಬ್ಬರ ಬದುಕೂ ಸಮಸಮ. ಐದು ವರ್ಷದ ಹೊತ್ತಿಗೆ ಇಂಜೆಕ್ಷನ್ ಗುಂಪಿನಲ್ಲಿ ಸುಮಾರು ಅರ್ಧ ಜನ ಆಪರೇಷನ್ನಿಗೇ ಬಂದಿದ್ದರು. ಆಪರೇಷನ್ ಆದವರಲ್ಲಿ ಯಾರಿಗೂ ಎರಡನೇ ಸಲ ಕರುಳು ಕತ್ತರಿಸಬೇಕಾಗಲಿಲ್ಲ. ಅವರ್ಯಾರಿಗೂ ನಿಮ್ಮ ಹಾಗೆ ದಾರಿ ಕಟ್ಟಿರಲಿಲ್ಲ, ಹಾಗಾಗಿ ಅದನ್ನು ಇದ್ದ ಹಾಗೇ ನಿಮಗೆ ಅಂಟಿಸಲಾರೆ. ಆದರೆ ಆಪರೇಷನ್ ಅಂದರೆ ಸೋಲು ಅನ್ನೋ ಭಾವನೆ ಅದರಿಂದ ನನಗೂ ಕಡಿಮೆಯಾಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ 1956ರ ಜೂನ್‌ನಲ್ಲಿ ಇದೇ ರೋಗದಿಂದ ಕರುಳು ಕಟ್ಟಿ, ಬೆಳಗಿನ ಜಾವ ಆಪರೇಷನ್ ಮಾಡಿದ್ದರು. ಅದೇ ನವೆಂಬರ್‌ನಲ್ಲಿ ಚುನಾವಣೆ ಗೆದ್ದರು. ಆ ಮನುಷ್ಯನಿಗೆ ಹಿಂದಿನ ವರ್ಷ ಹೃದಯಾಘಾತ ಬೇರೆ ಆಗಿತ್ತು.

ಎಲ್ಲಿ ಮಾಡಿಸಬೇಕು ಅಂತ ನೀವು ಕೇಳಿಲ್ಲ. ಹೈದರಾಬಾದೋ, ಸೊಲ್ಲಾಪುರವೋ, ಕಲಬುರಗಿಯೋ ಅನ್ನೋದಕ್ಕಿಂತ, ಜೀರ್ಣಾಂಗ ತಜ್ಞ ಮತ್ತು ಕರುಳಿನ ಸರ್ಜನ್ ಒಂದೇ ಕಡೆ ಕೂತು ನಿಮ್ಮ ಎಂಆರ್‌ಐ ನೋಡುತ್ತಾರಾ, ರಾತ್ರಿ ಹೊತ್ತು ಐಸಿಯು ನಡೆಯುತ್ತದಾ ನೋಡಿ. ವರ್ಷಕ್ಕೆ ಇಂಥ ಎಷ್ಟು ಕೇಸು ಮಾಡುತ್ತೀರಿ ಅಂತ ಕೇಳಲು ಸಂಕೋಚ ಬೇಡ. ಖರ್ಚಿಗೆ ಮೊದಲು ನಿಮ್ಮ ಇಲಾಖೆಯಲ್ಲಿ ಏನು ಸೌಲಭ್ಯ ಇದೆ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜಿನ ಶೇ 30ರಷ್ಟು. ಪ್ಲಾನ್ ಮಾಡಿದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಐದಾರು ವಾರ ಇದೆಯಲ್ಲ, ಆ ಕಾಗದದ ಕೆಲಸ ಈಗಲೇ ಮುಗಿಸಿ.

ಈ ನಡುವೆ ವಾಂತಿ ನಿಲ್ಲದಿದ್ದರೆ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾದರೆ, ಚಳಿಜ್ವರ ಬಂದರೆ, ಗ್ಯಾಸೂ ಹೋಗದೆ ಆರೆಂಟು ಗಂಟೆ ಕಳೆದರೆ, ಇಂಜೆಕ್ಷನ್ ಹಾಕಿಸಿ ನೋಡೋಣ ಅಂತ ಊರ ಕ್ಲಿನಿಕ್ಕಿನಲ್ಲಿ ಕೂರಬೇಡಿ. ಸ್ಟೆರಾಯ್ಡ್ ನುಂಗುವವರಲ್ಲಿ ಕರುಳು ತೂತಾದರೂ ನೋವು ಮಂದವಾಗಿಯೇ ಇರಬಹುದು, ನೋವು ಇಲ್ಲ ಅಂತ ಮೋಸ ಹೋಗಬೇಡಿ. ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ, ತುರ್ತಿಗೆ ರೆಫರಲ್ ಬೇಕಾಗಿಲ್ಲ.

ಮುಂದಿನ ವಾರ ಡಾಕ್ಟರ ಹತ್ತಿರ ಹೋದಾಗ ಎಂಆರ್‌ಐಯ ಸಿಡಿ ಒಯ್ಯಿರಿ, ಬರೀ ರಿಪೋರ್ಟಿನ ಕಾಗದ ಸಾಲದು. ಹಳೆಯ ಕೊಲೊನೋಸ್ಕೋಪಿ ಚೀಟಿ, ಟಿಬಿ ಮಾತ್ರೆಯ ಕಾರ್ಡು ಇದ್ದರೆ ಅದೂ ಇರಲಿ. ಮಾವನವರನ್ನೂ ಕರಕೊಂಡು ಹೋಗಿ.